ಮಲಗಿದ ರಾಜನ ಮೊಕದ್ದಮೆ

ಜೇವರ್ಗಿ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯವನು ವಿಭೂತಿ ಗಟ್ಟಿಗಳನ್ನು ಹಳೇ ಪೇಪರಿನಲ್ಲಿ ಸುತ್ತಿಕೊಟ್ಟ. ಆ ಒಣ ಬೂದಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಈಜಿಪ್ಟ್ ನೆನಪಾಯಿತು. ಬೇರೆಯವರಿಗೆ ಮಠ ನೆನಪಾದೀತು, ಅಜ್ಜಿ ನೆನಪಾದಾಳು. ನನ್ನ ತಲೆಯೇ ಹೀಗೆ.

"ಮಣ್ಣಿಗಿ ಹೊಂಟೀರೇನ್ರಿ? ಯಾರು ಹೋದ್ರು?"

"ನಮ್ಮ ಇತಿಹಾಸದ ಮಾಸ್ತರ್ರಿ. ನೆಲೋಗಿಯವ್ರು."

"ಏನಾಗಿತ್ತ್ರಿ ಅವರಿಗಿ?"

"ಗೊತ್ತಿಲ್ರಿ," ಎಂದೆ. ಅಂದ ಮೇಲೆ ನಗು ಬಂದುಬಿಟ್ಟಿತು. ಮಣ್ಣಿಗೆ ಹೊರಟವನು ನಗುವುದನ್ನು ಕಂಡು ಆತ ಒಂದು ಹೆಜ್ಜೆ ಹಿಂದೆ ಸರಿದ.

ಮಾಸ್ತರರು ನಿಂಬರ್ಗಾದ ನಮ್ಮ ಶಾಲೆಗೆ ಸೋಮವಾರ ಬಂದು ಶನಿವಾರ ಊರಿಗೆ ಮರಳುತ್ತಿದ್ದರು. ಚೀಲದಲ್ಲಿ ವಾರಕ್ಕಾಗುವಷ್ಟು ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಒಂದು ಸೋಮವಾರ ರೊಟ್ಟಿಗೆ ಸುತ್ತಿದ್ದ ಪೇಪರೇ ಪಾಠವಾಯಿತು. ಎಣ್ಣೆಯ ಕಲೆಗಳ ನಡುವೆ ಒಂದು ಚಿತ್ರ: ಬಟ್ಟೆ ಸುತ್ತಿ ಮಲಗಿಸಿದ ಹೆಣ. ಟುಟಾಂಖಾಮನ್ ಎಂಬ ಈಜಿಪ್ಟಿನ ರಾಜನಂತೆ. ಇಪ್ಪತ್ತೂ ತುಂಬದೆ ಸತ್ತವನು. ತಲೆಬುರುಡೆಯ ಎಕ್ಸರೇಯಲ್ಲಿ ಎಲುಬಿನ ಚೂರು ಕಂಡಿವೆಯಂತೆ. ಅವನ ನಂತರ ಸಿಂಹಾಸನ ಏರಿದ್ದು ಮುದಿ ಮಂತ್ರಿ.

"ಕೊಂದವರು ಯಾರು? ಅಥವಾ ಯಾರೂ ಕೊಂದಿಲ್ಲೋ? ಶುಕ್ರವಾರ ತೀರ್ಪು," ಎಂದರು ಮಾಸ್ತರರು.

ತರಗತಿಯೇ ಕೋರ್ಟಾಯಿತು, ಆರೋಪಿ ಆ ಮಂತ್ರಿ. ಸರಕಾರಿ ವಕೀಲನಾಗಲು ಕಿರಾಣಿ ಅಂಗಡಿಯವರ ಮಗ ತಾನೇ ಎದ್ದು ನಿಂತ. ಮಂತ್ರಿಯ ಪರ ಯಾರೂ ಏಳಲಿಲ್ಲ. ಮಾಸ್ತರರ ಕಣ್ಣು ನನ್ನ ಮೇಲೆ ಬಿತ್ತು.

"ನೀ ಹೆಂಗೂ ಮೂರೂ ಹೊತ್ತು ಚಿಂತಿ ಮಾಡಾಕತ್ತಿರ್ತಿ. ಈ ವಾರ ಮತ್ತೊಬ್ಬರ ಸಲುವಾಗಿ ಮಾಡು."

"ಸತ್ತು ಸಾವಿರಾರು ವರ್ಷ ಆಗ್ಯಾವಲ್ರಿ ಸರ್, ಈಗ್ಯಾಕ ಆ ಮಂತ್ರಿ ಚಿಂತಿ?"

"ಆದರೇನು ಲೇ? ಕೊಲೆಗಾರ ಅಂತ ಹೆಸರು ಬಿದ್ದರ ಅಂವಾ ಎದ್ದು ಬಂದು ಇಲ್ಲ ಅನ್ನಾಂಗಿಲ್ಲ. ನೀನೇ ಅನಬೇಕು."

ಆ ಮಾತು ನನ್ನನ್ನು ಕೆಡಿಸಿತು. ನನ್ನ ದಡ್ಡತನದಿಂದ ಒಬ್ಬ ಮುದುಕ ಕೊಲೆಗಾರನಾಗಿಬಿಟ್ಟರೆ? ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಏಳತೊಡಗಿದೆ. ಅವ್ವ ಎರಡು ಸಲ ದೃಷ್ಟಿ ತೆಗೆದಳು. ಈಜಿಪ್ಟಿನ ವಿಷಯ ಅವಳಿಗೆ ಹೇಳುವುದು ಹೇಗೆ…

ಶುಕ್ರವಾರ ಸರಕಾರಿ ವಕೀಲ ಚಿತ್ರವನ್ನು ಎತ್ತಿ ಹಿಡಿದ.

"ನೋಡ್ರಿ ಸರ್, ರಾಜಾಗ ಮಲಗಿಸ್ಯಾರ! ನಮ್ಮ ಮನ್ಯಾಗ ಯಾರರ ಹೋದರ ಗವಿ ತೋಡಿ, ಕೂಡಿಸಿ, ವಿಭೂತಿ ಹಾಕಿ ಮಣ್ಣು ಮಾಡ್ತಾರ. ಇವಗ ಕೂಡಿಸಾಕೂ ಪುರುಸೊತ್ತಿದ್ದಿಲ್ಲ. ಕೊಂದು ಗಡಿಬಿಡಿಲೇ ಮುಚ್ಯಾರ!"

ತರಗತಿ ಹೋ ಎಂದಿತು. ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಸತ್ತವರು ಕೂತೇ ಹೋದವರು. ಮಲಗಿಸಿದ್ದಾರೆಂದರೆ ಏನೋ ಕಿತಾಪತಿ ಇರಲೇಬೇಕು. ಮಾಸ್ತರರೂ "ಹೌದಲ್ಲ!" ಎಂದು ಹಲಗೆಯ ಮೇಲೆ ದೊಡ್ಡದಾಗಿ 'ಸಾಕ್ಷಿ ಒಂದು' ಎಂದು ಬರೆದರು. ನಾನು ಎದ್ದು ನಿಂತೆ. ಬರೆದುಕೊಂಡು ಬಂದಿದ್ದ ಹಾಳೆಯನ್ನು ಎರಡೂ ಕಡೆ ತಿರುಗಿಸಿ ನೋಡಿದೆ. ಮಂತ್ರಿಯ ಕಥೆ ಮುಗಿಯಿತು ಅಂದುಕೊಂಡೆ.

ಆಗ ಹಿಂದಿನ ಸಾಲಿನಿಂದ ಟೇಲರ್ ಸಾಬರ ಮಗಳು ಎದ್ದಳು. ವರ್ಷವಿಡೀ ಹಾಜರಿಗೆ ಬಿಟ್ಟರೆ ಬೇರೆ ಮಾತಾಡಿದವಳಲ್ಲ.

"ಸರ್, ನಮ್ಮ ದಾದಾಗೂ, ಅಂದ್ರ ಅಜ್ಜಾಗೂ, ಮಲಗಿಸೇ ಹೂತಾರ್ರಿ. ಅವರಿಗಿ ಯಾರೂ ಕೊಂದಿಲ್ರಿ. ದಮ್ಮಿನಿಂದ ಹೋದ್ರು."

ಮಾಸ್ತರರು ಅವಳನ್ನು ನೋಡಿದರು, ಹಲಗೆಯನ್ನು ನೋಡಿದರು. ಆಮೇಲೆ ಡಸ್ಟರಿಗೂ ಕಾಯದೆ ಅಂಗೈಯಿಂದಲೇ ಸಾಕ್ಷಿ ಒಂದನ್ನು ಒರೆಸಿದರು.

"ತಪ್ಪು ಇಂವಂದಷ್ಟೇ ಅಲ್ಲ, ನಂದೂ ಆತು. ನಮ್ಮನಿ ಪದ್ಧತೀನ ಜಗತ್ತಿನ ಕಾನೂನು ಅಂತ ತಿಳಕೊಂಡಿದ್ದೆ. ಕೂಡು ತಾಯಿ, ನೀ ಒಬ್ಬ ಮನಷ್ಯಾನ್ನ ಉಳಿಸಿದಿ."

ಒರೆಸಿದ ಜಾಗದಲ್ಲಿ ತೀರ್ಪು ಬರೆದರು: 'ಗೊತ್ತಿಲ್ಲ'. ಗೊತ್ತಿಲ್ಲದಾಗ ಗೊತ್ತಿಲ್ಲ ಅಂದರೆ ಪೂರ್ತಿ ಅಂಕ ಎಂದೂ ಹೇಳಿದರು. ಗಣಿತದ ಮಾಸ್ತರರು ಈ ತೀರ್ಪನ್ನು ಒಪ್ಪಲಿಲ್ಲ ಎಂಬುದು ನನಗೆ ಪರೀಕ್ಷೆಯಾದ ಮೇಲೆ ತಿಳಿಯಿತು.

ಎಷ್ಟೋ ವರ್ಷದ ಮೇಲೆ, ರಾಜನ ಕಾಲು ಮುರಿದಿತ್ತು, ಮಲೇರಿಯಾನೂ ಇತ್ತು, ತಲೆಯ ಚೂರು ಸತ್ತ ಮೇಲಿನವು ಎಂದು ಓದಿ, ಗೆದ್ದವನಂತೆ ಅವರಿಗೆ ಫೋನ್ ಮಾಡಿದ್ದೆ.

"ಛಲೋ ಆತು ವಕೀಲ್ರ," ಎಂದಿದ್ದರು. "ಆದ್ರೂ ಕೇಸು ಮುಚ್ಚಬ್ಯಾಡ್ರಿ. ನಾಳೆ ಮತ್ತೇನರ ಸಿಕ್ಕೀತು."

ನೆಲೋಗಿ ತಲುಪಿದಾಗ ಒಬ್ಬರು ಸಕ್ಕರೆ ಕಾಯಿಲೆ ಎಂದರು, ಇನ್ನೊಬ್ಬರು ಹಾರ್ಟು, ಮತ್ತೊಬ್ಬರು ವಯಸ್ಸು. ನಾನು ಯಾರ ಹೇಳಿಕೆಯನ್ನೂ ತಳ್ಳಿಹಾಕಲಿಲ್ಲ. ಗವಿಯೊಳಗೆ ಬಗ್ಗಿ ನೋಡಿದೆ. ನಮ್ಮ ವಾದ ಕೇಳುವಾಗ ಕುರ್ಚಿಯಲ್ಲಿ ಕೂಡುತ್ತಿದ್ದ ಹಾಗೆಯೇ ಮಾಸ್ತರರು, ಬೆನ್ನು ನೆಟ್ಟಗೆ… ವಿಭೂತಿ ಗಟ್ಟಿಗಳನ್ನು ಇಳಿಸಿಕೊಟ್ಟೆ.

ವಾಪಸು ಬರುವಾಗ ಬಸ್ಸಿನಿಂದ ಟೇಲರ್ ಸಾಬರ ಮಗಳಿಗೆ ಫೋನ್ ಮಾಡಿದೆ. ಆಳಂದದಲ್ಲಿ ಅವಳೂ ಈಗ ಇತಿಹಾಸದ ಟೀಚರ್. ಸುದ್ದಿ ಕೇಳಿದವಳೇ ಒಂದೇ ಪ್ರಶ್ನೆ ಹಾಕಿದಳು.

"ನೆಟ್ಟಗ ಕೂಡಿಸಿದ್ರೇನು?"

"ಹೂಂ. ಭಾಳ ನೆಟ್ಟಗ."

"ಹಂಗಾರ ಕೊಲೆ ಅಲ್ಲ ಬಿಡು," ಎಂದಳು.

ಇಬ್ಬರೂ ನಕ್ಕೆವು. ಬಸ್ಸಿನವರು ತಿರುಗಿ ನೋಡುವಷ್ಟು. ನಗು ನಿಂತ ಮೇಲೆ ಫೋನ್ ಇಡಲು ಇಬ್ಬರಿಗೂ ಆಗಲಿಲ್ಲ… ಕಿವಿಗೆ ಹಿಡಿದ ಕೈಯಲ್ಲಿ ವಿಭೂತಿಯ ವಾಸನೆ ಹಾಗೇ ಇತ್ತು.