ಧುಪದಾಳದಾಗ ಅತ್ತ ಹುಡುಗಿ

ಕುಲಗೋಡದ ಮುರಿಗೆಪ್ಪನ ಮಗಳು ರಾಜೇಶ್ವರಿಗೆ ಸಿನಿಮಾ ಹುಚ್ಚು ಯಾವಾಗ ಹತ್ತಿತು ಅಂತ ಕೇಳಬ್ಯಾಡ್ರಿ. ಎಮ್ಮಿ ಹಿಂಡಾಕ ಕುಂತ್ರೂ ತಾನು ನಾಯಕಿ ಅಂತ ತಿಳ್ಕೊಂಡು ಕುತ್ತಿಗಿ ಕೊಂಕಿಸಿ ನಗಾಕಿ. ಎಮ್ಮಿ ಒದೀತಿತ್ತು. ಅವ್ವ ಚನ್ನವ್ವ ಬೈತಿದ್ಲು. ಅಪ್ಪ ಮಾತ್ರ, "ನಗ್ಲಿ ಬಿಡ, ಹಾಲು ಹೋದ್ರ ಹೋಗ್ಲಿ" ಅಂತಿದ್ದ. ಅಂಥಾ ಅಪ್ಪ ಎಷ್ಟು ಮಂದಿಗೆ ಸಿಗ್ತಾನ ಹೇಳ್ರಿ!

ಗೋಕಾಕದಾಗ ಮದವಿ ವಿಡಿಯೋ ತಗಿಯೋ ಅಭಿಷೇಕ ಅಂತ ಒಬ್ಬಾಂವ ಇದ್ದ. ಅವಂಗ ಇನ್ನೊಂದು ಹುಚ್ಚು: ಹಳೇ ಕಾಲದ್ದರ ಹಂಗ ಮಾತಿಲ್ಲದ, ಎಲ್ಲಾರೂ ಪುಟುಪುಟು ಓಡಾಡೋ ನಗಿ ಸಿನಿಮಾ ಮಾಡಬೇಕು. ಹಳ್ಳಿ ಹುಡುಗಿಯೊಬ್ಬಾಕಿ ನಾಯಕಿ ಆಗಾಕ ಹೊಂಟು ಹೋದಲ್ಲೆಲ್ಲಾ ಫಜೀತಿ ಪಡೋ ಕಥಿ. ಅದಕ್ಕ ಈಕಿಗಿಂತ ಬ್ಯಾರೆ ಯಾರು ಬೇಕ್ರಿ? ಯಾರದೋ ಮದವ್ಯಾಗ ಈಕಿನ್ನ ನೋಡಿದ್ದ, ಕರದ. ಹೊಲಿಗಿ ಕ್ಲಾಸಿಗೆ ಹೊಂಟೇನಿ ಅಂತ ಮನ್ಯಾಗ ಸುಳ್ಳು ಹೇಳಿ ರಾಜೇಶ್ವರಿ ಬಸ್ ಹತ್ತಿದ್ಲು. ಕೇಳಿದ್ರ ಅಪ್ಪ ಬ್ಯಾಡ ಅಂತಿರಲಿಲ್ಲೇನೋ. ಕೇಳೋ ಧೈರ್ಯ ಆಗಲಿಲ್ಲ.

ಧುಪದಾಳದ ಹೊಳಿ ಒಡ್ಡಿನ ಬಾಜೂಕ ಶೂಟಿಂಗ್ ನಡದಿತ್ತು. ಮುಖಕ್ಕ ಗ್ವಾಡಿಗೆ ಸುಣ್ಣ ಬಳದಂಗ ಪೌಡರ, ಕಣ್ಣಿಗೆ ದಪ್ಪ ಕಾಡಿಗಿ. ಯಾರೋ ನೋಡಿ ಕುಲಗೋಡಕ್ಕ ಫೋನ್ ಹಚ್ಚಿದ್ರು. ಮುರಿಗೆಪ್ಪ ಕಾಲಾಗಿನ ಕೆಸರ ಸೈತ ತೊಳೀಲಾರದ ಬಂದ. ಬೈಲಿಲ್ಲ, ಹೊಡೀಲಿಲ್ಲ. ಅಭಿಷೇಕನ ಮುಂದ ನಿಂತು ಕೈ ಮುಗದ.

"ತಮ್ಮಾ, ನಿನ್ನ ಕಾಲ್ ಬೀಳ್ತೀನಿ, ನನ್ನ ಮಗಳ್ನ ಮನಿಗಿ ಕಳಸಪಾ."

ಇಷ್ಟು ಅಂದಾಂವ ಮಗಳ ಕಡೆ ತಿರುಗಿ ಸುದ್ದಾ ನೋಡದ ಹೊಂಟುಬಿಟ್ಟ. ರಾಜೇಶ್ವರಿ "ಅಪ್ಪಾ, ಅಪ್ಪಾ" ಅಂತ ಅಳಕೋತ ಬೆನ್ನ ಹತ್ತಿದ್ಲು. ಕಾಡಿಗಿ ಗದ್ದದ ತನಕ ಇಳದಿತ್ತು. ಕ್ಯಾಮೆರಾ ಯಾರೂ ಬಂದ್ ಮಾಡಿರಲಿಲ್ಲ.

ಮನ್ಯಾಗ ಅಪ್ಪ ಆ ಮಾತು ಎತ್ತಲಿಲ್ಲ. ಮುಂದ ಒಂದಿನ ಅಭಿಷೇಕ ಅಲ್ಲೀತನಕ ತಗದದ್ದನ್ನೆಲ್ಲಾ ಜೋಡಿಸಿ ಕಳಿಸಿ ಫೋನ್ ಮಾಡಿದ. "ನಿಮ್ಮಪ್ಪ ಬಂದದ್ದು ಕಥಿಗೆ ಬರೋಬ್ಬರಿ ಕುಂತೈತಿ. ಇಟ್ಕೊಳ್ಳಲೇನು, ತಗೀಲೇನು? ನೀ ಹೇಳಿದಂಗ." ಅದರಾಗ ತನ್ನ ಮುಖ ನೋಡಿ ರಾಜೇಶ್ವರಿ ದಂಗಾದ್ಲು. ಉಳಿದ ಸಿನಿಮಾದಾಗ ಎಲ್ಲೂ ಇಷ್ಟು ಚಂದ ಬಂದಿರಲಿಲ್ಲ. "ಇರಲಿ ಅಣ್ಣಾ" ಅಂದ್ಲು. ತಗೀರಿ ಅನ್ನಾಕ ಏನ್ ಧಾಡಿ ಆಗಿತ್ತೋ ಆ ಬಾಯಿಗೆ! ಇವತ್ತಿಗೂ ಅದನ್ನ ನೆನಸಿ ಹಳಹಳಸ್ತಾಳ.

ಹುಕ್ಕೇರ್ಯಾಗ ಒಂದು ಸಭಾಭವನದಾಗ ಸಿನಿಮಾ ತೋರಿಸಿದ್ರು. ಅಭಿಷೇಕ ಆಮ್ಯಾಲ ಅದನ್ನ ಹಳೇ ಸಿನಿಮಾದಂಗ ಜೋರ ಓಡಿಸಿದ್ದ. ಪರದೆ ಮ್ಯಾಲ ಮುರಿಗೆಪ್ಪ ಟಣಟಣ ಜಿಗಕೋತ ಬಂದು, ಪಟಪಟ ಕೈ ಮುಗದು, ಗಿರ್ರನ ತಿರುಗಿ ಓಡತಿದ್ದ. ಹಿಂದ ಕಾಡಿಗಿ ಇಳದ ಕರಿ ಮೋತಿ ಮಗಳು. ಮಂದಿ ಹೊಟ್ಟಿ ಹಿಡಕೊಂಡು ನಕ್ಕರು. ರಾಜೇಶ್ವರಿಗೆ ಕುಂತಲ್ಲೇ ಭೂಮಿ ಬಾಯಿ ಬಿಡಬಾರದಾ ಅನಿಸ್ತು. ಆದ್ರ ಅಷ್ಟೊತ್ತಿಗೆ ಅದು ಎಲ್ಲಾರ ಫೋನಿಗೂ ಹೋಗಿತ್ತು. ಮೂಡಲಗಿ ಸಂತ್ಯಾಗ ಹುಡುಗ್ರು ಮುರಿಗೆಪ್ಪನ್ನ ಕಂಡ್ರ ಪಟಪಟ ಕೈ ಮುಗಿಯವ್ರು. ಪಾಪ, ಯಾಕಂತ ಗೊತ್ತಿಲ್ಲದ ಅಂವಾ ತಿರುಗಿ ತಾನೂ ಮುಗಿಯಾಂವ.

ಕಡೀಕ ಯಾರೋ ಅವಂಗ ಹೇಳಿದ್ರು. ಮಧ್ಯಾಹ್ನ ಊಟ ಮಾಡಿ ಕುಂತಾಗ ಅಪ್ಪ ತಾನ ಮಗಳಿಗೆ ಕೇಳಿದ: "ಯವ್ವಾ, ನಂದೊಂದು ಸಿನಿಮಾ ಐತಂತಲ್ಲ, ತೋರ್ಸು."

ರಾಜೇಶ್ವರಿ ವಿಡಿಯೋ ಹಚ್ಚಿ ಫೋನ್ ಕೊಟ್ಲು. ತಾನು ಜಿಗದದ್ದು ನೋಡಿ ಅಂವಾ ನಗಲಿಲ್ಲ, ಸಿಟ್ಟಿಗೂ ಬರಲಿಲ್ಲ. ಮಗಳು ಅಳೋದನ್ನ ಮಾತ್ರ ಇನ್ನೊಮ್ಮಿ ನೋಡಿದ.

"ಭಾಳ ಚಂದ ಮಾಡಿಯವ್ವಾ," ಅಂದ. "ನಾ ಅವತ್ತು ನೀ ಖರೇನ ಅಳಾಕತ್ತಿದ್ದಿ ಅಂತ ತಿಳದಿದ್ದೆ."

"ಖರೇನ ಅತ್ತಿದ್ದೆ ಅಪ್ಪಾ! ನಿನ್ನಾಣಿ."

"ಹೂಂ. ಇರಲಿ ಬಿಡವ್ವಾ," ಅಂತ ಫೋನ್ ಆಕಿ ಕೈಯಾಗ ಇಟ್ಟು ದನಕ್ಕ ನೀರು ಕುಡಸಾಕ ಎದ್ದ.

ಸಿನಿಮಾದವರು ಯಾರೂ ಕರೀಲಿಲ್ಲ. ರಾಜೇಶ್ವರಿ ಈಗ ಮೂಡಲಗ್ಯಾಗ ಮದುಮಕ್ಕಳಿಗೆ ಮೇಕಪ್ ಮಾಡ್ತಾಳ, ಸಂಜೀಕ ಬಸ್ಸಿಗೆ ಊರಿಗೆ ಬರತಾಳ. ಅಪ್ಪ ಮೊದಲಿನಂಗ ಇದ್ದಾನ, ಬೈಯಂಗಿಲ್ಲ. ಸಣ್ಣಾಕಿದ್ದಾಗ ಆಕಿ ಕಣ್ಣಾಗ ನೀರು ಕಂಡ್ರ "ಏನಾತವ್ವಾ" ಅಂತ ಓಡಿ ಬರತಿದ್ದ. ಈಗೂ ಕೇಳತಾನ. ಆದ್ರ ಕೇಳೂಕಿಂತ ಮೊದಲು ಒಂದು ಗಳಿಗಿ ಆಕಿ ಮುಖ ನೋಡತಾನ.