ಶೇಟ್ರು ಉಪ್ಪಿನಲ್ಲಿ ಬೇಯಿಸಿದ ಗಾಜು

ಕುಮಟೆಯ ವಿಠ್ಠಲ ಶೇಟ್ರು ಮಾರುತ್ತಿದ್ದದ್ದು ಕನ್ನಡಕ, ಆದರೆ ಅಂಗಡಿಯ ಹಿಂದೆ ಸದಾ ಒಲೆ ಉರಿಯುತ್ತಿತ್ತು. ಪಾತ್ರೆಯಲ್ಲಿ ಪಟಾಕಿ ಮದ್ದಿಗೆ ಹಾಕುವ ಪೆಟ್ಲುಪ್ಪು ಕರಗಿ ಎಣ್ಣೆಯ ಹಾಗೆ ತಿಳಿಯಾಗಿರುತ್ತಿತ್ತು. ಗಾಜನ್ನು ಕ್ಲಿಪ್ಪಿಗೆ ಸಿಕ್ಕಿಸಿ ಬೆಳಗಿನಿಂದ ಸಂಜೆತನಕ ಅದರಲ್ಲಿ ಬೇಯಿಸುವರು.

"ಎಂತ ಶೇಟ್ರೇ, ಸಾರಾ?" ಅಂದೆ ಒಮ್ಮೆ.

"ಹೂಂ, ಉಣ್ಣೂಕೆ ಬಾ. ಹಲ್ಲು ಮನೇಲಿ ಇಟ್ಟು ಬಾ!"

ನಾನು ಪಕ್ಕದ ಬಾಡ ಊರಿನಿಂದ ಮೀನು ಹೊತ್ತು ಮಾರುವವಳು. ನಮ್ಮನೆಯವರು ದೋಣಿಯ ಚುಕ್ಕಾಣಿ ಹಿಡಿಯುವವರು. ಸಮುದ್ರದಲ್ಲಿ ಮೂರು ಕನ್ನಡಕ ಒಡೆದುಕೊಂಡಿದ್ದರು. "ಇನ್ನೊಂದು ಒಡೆದ್ರೆ ಚುಕ್ಕಾಣಿ ಬೇರೆಯವ್ರಿಗೆ, ನೀ ಬಲೆ ಎಳಿ" ಎಂದುಬಿಟ್ಟಿದ್ದ ದೋಣಿಯ ಯಜಮಾನ. ಹಾಗಾಗಿ ಒಡೆಯದ ಗಾಜು ಮಾಡಿಕೊಡಿ ಎಂದು ಶೇಟ್ರ ಕಾಲು ಹಿಡಿದೆ.

"ಹೆದ್ರಬೇಡ. ಗಾಜಿನೊಳಗೆ ಸಣ್ಣ ಕಣ ಇರ್ತದೆ, ಉಪ್ಪಿನೊಳಗೆ ದಪ್ಪಂದು. ಬಿಸಿಗೆ ಸಣ್ಣದು ಇಳೀತದೆ, ದಪ್ಪಂದು ಅದ್ರ ಜಾಗಕ್ಕೆ ಹತ್ತಿ ಕೂರ್ತದೆ. ಹೊನ್ನಾವರ ಬಸ್ಸಲ್ಲಿ ಮಕ್ಕಳು ಇಳ್ದ ಸೀಟಲ್ಲಿ ನೀ ಬುಟ್ಟಿ ಸಮೇತ ಕೂತ ಹಾಗೆ! ಮೈಯೆಲ್ಲಾ ಬಿಗಿ. ಬಿಗಿ ಇದ್ರೆ ಗಾಜು ಬಿರಿಯೂದಿಲ್ಲ."

ಬಿಗಿ ಇದ್ದರೆ ಬಿರಿಯುವುದಿಲ್ಲ! ಮೂರನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ಅಷ್ಟು ಸಾಕಾಯಿತು. ಶೇಟ್ರು ಚಾ ಕುಡಿಯಲು ಹೋದದ್ದೇ, ಉಪ್ಪಿಗಿಳಿಸಲು ಇಟ್ಟಿದ್ದ ನಮ್ಮ ಗಾಜಿನ ಕ್ಲಿಪ್ಪಿನ ಸ್ಕ್ರೂವನ್ನು ಕೈಲಾದಷ್ಟೂ ತಿರುಗಿಸಿದೆ. ತೆಳು ಗಾಜು ಒಂಚೂರು ಬಾಗಿತು. ಭಲೇ ಅಂದುಕೊಂಡೆ.

ಸಂಜೆ ಗಾಜು ತೆಗೆದು, ಆರಿಸಿ, ತೊಳೆದು ಶೇಟ್ರು ಗಟ್ಟಿಯೋ ನೋಡಲು ಅದರ ಮೇಲೆ ಉಕ್ಕಿನ ಗುಂಡು ಬಿಟ್ಟರು. ಎರಡು ಹೋಳು! ಅವರು ಸ್ಕ್ರೂ ನೋಡಿದರು, ನನ್ನ ಮುಖ ನೋಡಿದರು.

"ಯಾರೇ ಇದು ತಿರುಗ್ಸಿದ್ದು?"

"ಇಲಿ ಇರೂಕು."

"ಇಲಿಗೆ ಸ್ಕ್ರೂಡ್ರೈವರ್ ಹಿಡಿಯೂಕೆ ಯಾರು ಕಲಿಸಿದ್ರು ಮಾರಾಯ್ತಿ?"

ಬೈಯಲಿಲ್ಲ, ಹೋಳು ಹಿಡಿದು ತೋರಿಸಿದರು. ಬಾಗಿದ ಗಾಜಿನ ಹಿಗ್ಗಿದ ಮಗ್ಗುಲಿಗೆ ದಪ್ಪ ಕಣಗಳು ಸಲೀಸಾಗಿ ಹತ್ತುತ್ತವಂತೆ, ಅದುಮಿದ ಮಗ್ಗುಲಿಗೆ ಕಷ್ಟವಂತೆ. "ಒಂದು ಮಗ್ಗುಲು ಗಟ್ಟಿ, ಇನ್ನೊಂದು ಹಪ್ಪಳ! ಬಿಗಿ ಆಗೂದು ಗಾಜಿನ ಕೆಲ್ಸ, ನಿಂದಲ್ಲ."

ಮರುದಿನ ನನ್ನನ್ನು ಎದುರಿಗೇ ಕೂರಿಸಿ, "ಕೈ ಕಟ್ಕೋ" ಎಂದು ಹೊಸ ಗಾಜು ಬೇಯಿಸಿದರು. ಈ ಸಲ ಗುಂಡು ಪುಟಿದು ಅವರ ಕಾಲಿನ ಮೇಲೇ ಬಿತ್ತು. ಅಯ್ಯಯ್ಯೋ ಎಂದು ಕುಣಿದವರು ಅವರು, ಖುಷಿಗೆ ಕುಣಿದವಳು ನಾನು!

ಆ ಕನ್ನಡಕ ದೋಣಿಯಲ್ಲಿ ಎಷ್ಟು ಸಲ ಬಿತ್ತೋ. ಚುಕ್ಕಾಣಿ ಮಾತ್ರ ನಮ್ಮನೆಯವರ ಕೈಯಲ್ಲೇ ಉಳಿಯಿತು.

ಎಷ್ಟೋ ವರ್ಷದ ಮೇಲೆ ಹೊನ್ನಾವರದ ಮೀನುಪೇಟೆಯಲ್ಲಿ ಶೇಟ್ರು ಸಿಕ್ಕರು. ಅಂಗಡಿ ಮುಚ್ಚಿದ್ದರು.

"ಎಂತಕ್ಕೆ ಶೇಟ್ರೇ?"

"ಒಡೆಯದ ಗಾಜು ಮಾಡ್ಕೊಟ್ಟೆ. ಇನ್ನೊಂದು ಕೊಳ್ಳೂಕೆ ಒಬ್ರಾದ್ರೂ ತಿರುಗಿ ಬಂದ್ರಾ? ನಿನ್ನ ಗಂಡನೇ ಬರ್ಲಿಲ್ಲ!"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಾನು ಕಣ್ಣೊರೆಸಿಕೊಳ್ಳುವುದರೊಳಗೆ ಶೇಟ್ರು ನನ್ನ ಬುಟ್ಟಿಯಿಂದ ದೊಡ್ಡದೊಂದು ಬಂಗುಡೆ ಮೀನು ಎತ್ತಿ ಚೀಲಕ್ಕೆ ಹಾಕಿಕೊಂಡು, "ಇದು ಇಲಿ ಒಯ್ತು" ಎಂದು ನಡೆದೇಬಿಟ್ಟರು. ಆಮೇಲೆ ಅವರನ್ನು ನೋಡಲಿಲ್ಲ.