ಮುಹೂರ್ತಕ್ಕೆ ಕಿತ್ತ ಇಟ್ಟಿಗೆಗಳು

ಪರದೇಶದ ಈ ಸ್ಟ್ರೀಟ್ಸ್‌ವಿಲ್‌ನಲ್ಲಿ ನಾವು ಕೊಂಡ ಹಳೆಯ ಮನೆಯ ಹಾಲ್‌ನಲ್ಲಿ ಇಟ್ಟಿಗೆಯ ಚಿಮ್ನಿಯೊಂದು ಗೋಡೆಯಿಂದ ಎರಡಡಿ ಮುಂದೆ ಚಾಚಿಕೊಂಡು ನಿಂತಿತ್ತು. ಅದರ ಬುಡದಲ್ಲಿ ಚಳಿ ಕಾಯಿಸುವ ಒಲೆಯನ್ನು ಯಾರೋ ಎಂದೋ ಮುಚ್ಚಿಸಿದ್ದರು. ಬೆಂಕಿಗೂ ಇಲ್ಲ, ಹೊಗೆಗೂ ಇಲ್ಲ. ಸುಮ್ಮನೆ ಜಾಗ ತಿನ್ನುತ್ತಿತ್ತು. ನಮ್ಮ ಕಡೆಯವರು ತಿಂಗಳಿಗೊಂದು ಶನಿವಾರ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಭಜನೆ ಇಟ್ಟುಕೊಳ್ಳುವುದುಂಟು. ನಮ್ಮ ಸರದಿ ಬಂದಾಗ ಅರ್ಧ ಜನ ಚಿಮ್ನಿಯ ಆಚೆ ಕೂತು, ದೇವರೂ ಕಾಣದೆ, ಹಾಡುವವರೂ ಕಾಣದೆ, ತಾಳ ತಪ್ಪಿಸಿದರು. ಅದನ್ನು ತೆಗೆಸಿಯೇ ಸಿದ್ಧ ಎಂದು ನಾನು ಅಂದೇ ಹಟ ಹಿಡಿದೆ.

ಇದು 2017ರ ಬೇಸಿಗೆಯ ಮಾತು. ಇಂಜಿನಿಯರ್ ಒಬ್ಬರನ್ನು ಗೊತ್ತುಮಾಡಿದೆವು. ಅವರು ಗುರುವಾರ ಬರುವವರಿದ್ದರು. ಕೆಲಸ ಶುರುಮಾಡಲು ಉಡುಪಿಯ ಪುರೋಹಿತರು ಫೋನಿನಲ್ಲಿ ಕೊಟ್ಟ ಮುಹೂರ್ತವೋ, ಅದಕ್ಕೂ ಮೊದಲಿನ ಭಾನುವಾರ ಬೆಳಿಗ್ಗೆ.

"ಗುರುವಾರದವರೆಗೆ ಸುಮ್ನಿರಿ ಮಾರಾಯ್ರೆ," ಎಂದಳು ಹೆಂಡತಿ. "ಮೇಲೆ ಮಗಳ ರೂಮಲ್ಲೂ ಅದೇ ಚಿಮ್ನಿ ಉಂಟು. ಇಂಜಿನಿಯರ್ ಒಮ್ಮೆ ನೋಡ್ಲಿ."

"ಶಾಸ್ತ್ರಕ್ಕೆ ನಾಲ್ಕು ಇಟ್ಟಿಗೆ ತೆಗೀತೇನೆ, ಅಷ್ಟೆ. ನಂಗೆ ಅಷ್ಟೂ ಗೊತ್ತಾಗುದಿಲ್ವಾ?"

ಯಾರಾದರೂ ತಾಳು ಎಂದರೆ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಭಾನುವಾರ ಚಿಮ್ನಿಗೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ಉಳಿಯಿಟ್ಟು ಹೊಡೆದೆ. ನಾಲ್ಕು ಇಟ್ಟಿಗೆ ಬಂದವು. ಹಳೆಯ ಗಾರೆ ಬಿಸ್ಕತ್ತಿನ ಹಾಗೆ ಉದುರುತ್ತಿತ್ತು. ಐದನೆಯದಕ್ಕೆ ಕೈ ಹಾಕಿದರೆ ಆರನೆಯದೂ ಜೊತೆಗೇ ಬಂತು. ಹೆಂಡತಿ ಕಾಫಿಗೆ ಕರೆಯುವ ಹೊತ್ತಿಗೆ ಎದೆಯೆತ್ತರಕ್ಕೆ ಒಂದು ಮೂಲೆಯೇ ಖಾಲಿಯಾಗಿತ್ತು. ನನಗೋ ಹೆಮ್ಮೆ, ಫೋಟೋ ತೆಗೆದು ಭಜನೆಯ ವಾಟ್ಸಾಪ್ ಗುಂಪಿಗೂ ಕಳಿಸಿದೆ.

ಗುರುವಾರ ಇಂಜಿನಿಯರ್ ಬಂದರು. ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ಟಾರ್ಚು ಬಿಟ್ಟು ಒಳಗೆ ನೋಡಿ, "ಇದರ ಮೇಲಿನ ಕೋಣೆಯಲ್ಲಿ ಯಾರು ಮಲಗುತ್ತಾರೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಮಗಳು," ಎಂದೆ. "ಒಂಬತ್ತು ವರ್ಷ."

"ಈಗಲೇ ಅವಳ ಮಂಚ ಹೊರಗೆ ತನ್ನಿ. ಮೇಲಿನ ಚಿಮ್ನಿಯ ಭಾರವನ್ನೆಲ್ಲ ಹೊತ್ತಿದ್ದುದು ನೀವು ಕಿತ್ತ ಈ ಇಟ್ಟಿಗೆಗಳು."

ಮಹಡಿಗೆ ಓಡಿದೆ. ಮಂಚದ ತಲೆದಿಕ್ಕು ಚಿಮ್ನಿಗೆ ತಾಗಿತ್ತು. ದಿಂಬಿನಿಂದ ಸ್ವಲ್ಪ ಮೇಲೆ, ಚಿಮ್ನಿಯಲ್ಲಿ ಕೂದಲೆಳೆಯಷ್ಟು ಬಿರುಕು, ಹೊಸದು. ಭಾನುವಾರದಿಂದ ನನ್ನ ಮಗಳು ಅದರ ಕೆಳಗೇ ಮಲಗುತ್ತಿದ್ದಳು. ಹೆಂಡತಿ ಬಂದು ಮಂಚದ ಇನ್ನೊಂದು ತುದಿ ಹಿಡಿದೆಳೆದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮೆಟ್ಟಿಲ ಬಳಿ ನಿಂತಿದ್ದ ಮಗಳು ಇಂಜಿನಿಯರ್ ಹೇಳಿದ್ದೆಲ್ಲವನ್ನೂ ಕೇಳಿಸಿಕೊಂಡಿದ್ದಳು.

ಅಂದೇ ಇಂಜಿನಿಯರ್ ಕೆಲಸದವರನ್ನು ಕರೆಸಿ ಚಿಮ್ನಿಗೆ ಕಬ್ಬಿಣದ ಕಂಬಗಳನ್ನು ಆನಿಸಿದರು. ಇಂಜಿನಿಯರ್ ನಕ್ಷೆ ಬರೆದು, ನಗರದ ಪರ್ಮಿಟ್ಟು ಬಂದು, ಮೇಲಿನ ಭಾರ ಹೊರಲು ಉಕ್ಕಿನ ತೊಲೆ ಕೂರಿಸಿ, ಕೆಳಗಿನ ಇಟ್ಟಿಗೆಗಳನ್ನು ತೆಗೆಯುವಷ್ಟರಲ್ಲಿ ಆರು ವಾರ ಕಳೆಯಿತು. ಅಷ್ಟು ದಿನವೂ ಮಗಳು ನಮ್ಮ ಕೋಣೆಯಲ್ಲೇ ಮಲಗಿದಳು. ಹಾಲ್ ನಾನು ಬಯಸಿದ್ದಕ್ಕಿಂತ ವಿಶಾಲವಾಯಿತು, ಆದರೆ ಅದನ್ನು ನೋಡಿ ಸಂತೋಷಪಡಲು ನನಗೆ ಮುಖವಿರಲಿಲ್ಲ.

ಕೊನೆಯ ದಿನ ಇಂಜಿನಿಯರ್ ತೊಲೆಯನ್ನು ಪರೀಕ್ಷಿಸಿ, ಸಹಿ ಹಾಕಿ ಹೋದರು. ನಾನು ಮಂಚವನ್ನು ಮತ್ತೆ ಅದರ ಜಾಗದಲ್ಲಿಟ್ಟು ಮಗಳನ್ನು ಕರೆದೆ.

"ಇನ್ನೇನೂ ಹೆದರಿಕೆ ಇಲ್ಲ ಮಗಾ. ನಿನ್ನ ರೂಮಲ್ಲೇ ಮಲಗ್ಬಹುದು."

ಅವಳು ಹೊಸ್ತಿಲು ದಾಟಲಿಲ್ಲ. "ಹೂ ಸೆಡ್ ದಟ್, ಅಪ್ಪ? ನೀವಾ, ಇಂಜಿನಿಯರಾ?"

"ಇಂಜಿನಿಯರ್," ಎಂದೆ.

ದಿಂಬು ಎತ್ತಿಕೊಂಡು ಒಳಗೆ ಹೋದಳು.